ಸ್ಕ್ಯಾನ್ ನಾರ್ಮಲ್, ಆದರೂ ಕಾಲು ಎಳೆಯುತ್ತದೆ. ಹಾಗಾದರೆ ಇದು ನಾಟಕವಾ?

ನಿಮ್ಮ ಪ್ರಶ್ನೆ ಓದಿದಾಗ ನಾಲ್ಕು ವರ್ಷದ ಹಿಂದಿನ ನನ್ನನ್ನೇ ನೋಡಿದ ಹಾಗಾಯಿತು. ಎಂಆರ್‌ಐ ಸರಿಯಾಗಿದೆ, ಕಾಲು ಮಾತ್ರ ಮಾತು ಕೇಳುತ್ತಿಲ್ಲ, ಡಾಕ್ಟರ್ 'ಫಂಕ್ಷನಲ್' (ನರ, ಸ್ನಾಯು ಸರಿಯಾಗಿದ್ದರೂ ಮೆದುಳು ಅವನ್ನು ನಡೆಸುವುದರಲ್ಲಿ ಎಡವುವ ತೊಂದರೆ) ಎಂದರು, ಅಂದರೆ ನಾನು ನಟಿಸುತ್ತಿದ್ದೇನೆ ಅಂತಾನಾ, ಇದರ ಬಗ್ಗೆ ಯಾರಾದರೂ ಸಂಶೋಧನೆ ಮಾಡಿದ್ದಾರಾ ಎಂದು ಕೇಳಿದ್ದೀರಿ. ನಾನು ಡಾಕ್ಟರಲ್ಲ. ಎಡಗಾಲು ಎಳೆದುಕೊಂಡು ಓಡಾಡಿದವಳು, ಆಮೇಲೆ ಹಠ ಹಿಡಿದು ಓದಿದವಳು, ಅಷ್ಟೇ.

ಮೊದಲು ನೋಡಿದ ಡಾಕ್ಟರ್ ರಿಪೋರ್ಟ್ ತಿರುವಿ ಹಾಕಿ, "ನಿಮಗೇನೂ ಆಗಿಲ್ಲ, ಟೆನ್ಷನ್ ಕಮ್ಮಿ ಮಾಡ್ಕೊಳ್ಳಿ" ಎಂದು ಕಳಿಸಿದರು. ಏನೂ ಆಗದವಳು ಗೋಡೆ ಹಿಡಿದು ಮೆಟ್ಟಿಲು ಇಳಿದೆ.

ಎರಡನೆಯವರು ನರರೋಗ ತಜ್ಞೆ. ಅವರು ರಿಪೋರ್ಟನ್ನು ಪಕ್ಕಕ್ಕಿಟ್ಟು ನನ್ನನ್ನು ಮಲಗಿಸಿದರು. ಎಡ ಹಿಮ್ಮಡಿಯ ಕೆಳಗೆ ಕೈಯಿಟ್ಟು, ಒತ್ತಿ ಎಂದರು. ಎಷ್ಟು ತಿಣುಕಿದರೂ ಶಕ್ತಿಯೇ ಬರಲಿಲ್ಲ. "ಅದನ್ನು ಬಿಡಿ, ಈಗ ಬಲಗಾಲು ಮೇಲೆತ್ತಿ" ಎಂದು ಬಲಗಾಲನ್ನು ಇನ್ನೊಂದು ಕೈಯಿಂದ ಅದುಮಿ ಹಿಡಿದರು. ನಾನು ಬಲಗಾಲಿನ ಜೊತೆ ಗುದ್ದಾಡುತ್ತಿದ್ದೆ. ಅಷ್ಟರಲ್ಲಿ ಎಡ ಹಿಮ್ಮಡಿ ತಾನಾಗಿಯೇ ಅವರ ಕೈಯನ್ನು ಗಟ್ಟಿಯಾಗಿ ಒತ್ತಿತು! ಅವರಿಗೂ ಗೊತ್ತಾಯಿತು, ನನಗೂ ಗೊತ್ತಾಯಿತು.

ಇದಕ್ಕೆ ಹೂವರ್ ಚಿಹ್ನೆ ಎನ್ನುತ್ತಾರೆ. ಅಮೆರಿಕದ ಚಾರ್ಲ್ಸ್ ಹೂವರ್ 1908ರಲ್ಲೇ ಬರೆದಿಟ್ಟದ್ದು. ನರ, ಸ್ನಾಯು ಎಲ್ಲ ಸರಿಯಾಗಿದೆ. ಬೇಕೆಂದು ಮಾಡಹೊರಟಾಗ ಮಾತ್ರ ಕಾಲು ಕೈಕೊಡುತ್ತದೆ. ಆ ಡಾಕ್ಟರ್ ಇದನ್ನು ಕಳ್ಳಿಯನ್ನು ಹಿಡಿದ ಹಾಗೆ ಹೇಳಲಿಲ್ಲ. "ನೋಡಿ, ದಾರಿ ಇನ್ನೂ ತೆರೆದೇ ಇದೆ" ಎಂದರು. ನನ್ನ ಮಟ್ಟಿಗೆ ಚಿಕಿತ್ಸೆ ಶುರುವಾದದ್ದು ಅಲ್ಲೇ.

ಹಾಗಾಗಿ 'ಸ್ಕ್ಯಾನ್‌ನಲ್ಲಿ ಏನೂ ಸಿಗಲಿಲ್ಲ, ಆದ್ದರಿಂದ ಫಂಕ್ಷನಲ್' ಎಂಬುದು ಸರಿಯಾದ ಲೆಕ್ಕ ಅಲ್ಲ. ಪರೀಕ್ಷೆಯಲ್ಲಿ ಇಂಥದ್ದೇನಾದರೂ ಸಿಗಬೇಕು. ಹಿಂದೆ ಇದನ್ನೇ ಹಿಸ್ಟೀರಿಯಾ ಎನ್ನುತ್ತಿದ್ದರು. ಫ್ರಾಯ್ಡ್ ಕಾಲದಿಂದ, ಒಳಗೆ ಅದುಮಿಟ್ಟ ನೋವು ಹೀಗೆ ಹೊರಬರುತ್ತದೆ ಎಂಬ ನಂಬಿಕೆ ಬೇರೂರಿತ್ತು. 2013ರಲ್ಲಿ ಅಮೆರಿಕದ ಮನೋವೈದ್ಯರ ಕೈಪಿಡಿ ಡಿಎಸ್‌ಎಂ-5, ಮಾನಸಿಕ ಕಾರಣ ಸಿಗಲೇಬೇಕೆಂಬ ಷರತ್ತನ್ನು ತೆಗೆದುಹಾಕಿತು. ಕಷ್ಟದ ಅನುಭವಗಳು ಇಂಥವರಲ್ಲಿ ಜಾಸ್ತಿ ಕಾಣುವುದು ನಿಜ. ಆದರೆ ಅಂಥದ್ದೇನೂ ಇಲ್ಲದವರೂ ಬೇಕಾದಷ್ಟು ಜನ ಇದ್ದಾರೆ. ನನಗೆ ಶುರುವಾದದ್ದು ಒಂದು ಸಾಧಾರಣ ಕಾಲು ಉಳುಕಿನಿಂದ.

ನಟನೆಯ ಪ್ರಶ್ನೆಗೆ ನನಗೆ ತುಂಬ ಹಿಡಿಸಿದ ಅಧ್ಯಯನ 2010ರದ್ದು. ಫಂಕ್ಷನಲ್ ನಡುಕ ಇದ್ದವರನ್ನು ಸ್ಕ್ಯಾನರ್‌ನಲ್ಲಿ ಮಲಗಿಸಿ, ತಾನಾಗಿ ಬಂದ ನಡುಕವನ್ನೂ ಅವರೇ ಬೇಕೆಂದು ಮಾಡಿದ ನಡುಕವನ್ನೂ ಹೋಲಿಸಿದರು. ಕೈ ಅದೇ, ಮನುಷ್ಯ ಅದೇ. ತಾನಾಗಿ ಬಂದ ನಡುಕದಲ್ಲಿ ಮೆದುಳಿನ ಬಲಭಾಗದ ಒಂದು ಜಾಗ, ಸುಮಾರಾಗಿ ಕಿವಿಯ ಮೇಲೆ ಹಿಂದಕ್ಕೆ, ಕಮ್ಮಿ ಕೆಲಸ ಮಾಡುತ್ತಿತ್ತು. 'ಇದನ್ನು ಮಾಡಿದ್ದು ನಾನೇ' ಎಂಬ ಅನಿಸಿಕೆಗೂ ಆ ಜಾಗಕ್ಕೂ ಸಂಬಂಧ ಇದೆ. ಭಾಗವಹಿಸಿದವರು ಬೆರಳೆಣಿಕೆಯ ಜನ, ಅದಕ್ಕೇ ಇದೊಂದನ್ನೇ ಹಿಡಿದು ಕೂರಬೇಡಿ. ಆದರೂ 'ಸುಮ್ನೆ ಮಾಡ್ತಿದ್ದಾಳೆ' ಅನ್ನುವವರಿಗೆ ಹೇಳಲು ಒಂದು ಮಾತು ಸಿಕ್ಕಿತು, ಅಲ್ವಾ?

ಇದು ಅಪರೂಪದ್ದೂ ಅಲ್ಲ. ಸ್ಕಾಟ್ಲೆಂಡಿನಲ್ಲಿ ನರರೋಗ ವಿಭಾಗಕ್ಕೆ ಹೊಸದಾಗಿ ಬಂದ 3,781 ಜನರನ್ನು ಗಮನಿಸಿದಾಗ, ತಲೆನೋವಿನ ನಂತರದ ಜಾಗ ಇಂಥ ತೊಂದರೆಗಳಿಗೇ ಸಿಕ್ಕಿತು.

ಚಿಕಿತ್ಸೆಯ ಬಗ್ಗೆ ಅರ್ಧ ಸಿಹಿ, ಅರ್ಧ ಕಹಿ. ಬ್ರಿಟನ್ನಿನಲ್ಲಿ 355 ಜನರ ಮೇಲೆ ವಿಶೇಷ ಫಿಸಿಯೋಥೆರಪಿ ಪರೀಕ್ಷಿಸಿ 2024ರಲ್ಲಿ ಫಲಿತಾಂಶ ಕೊಟ್ಟರು. ಮುಖ್ಯ ಅಳತೆಯಲ್ಲಿ ಮಾಮೂಲಿ ಚಿಕಿತ್ಸೆಗಿಂತ ಹೆಚ್ಚೇನೂ ಕಾಣಲಿಲ್ಲ. ಆದರೆ 'ಮೊದಲಿಗಿಂತ ವಾಸಿ' ಎಂದು ಹೇಳಿದವರು ಆ ಗುಂಪಿನಲ್ಲೇ ಜಾಸ್ತಿ. ನನ್ನ ಫಿಸಿಯೋ ನನ್ನನ್ನು ಹಿಂದುಹಿಂದಕ್ಕೆ ನಡೆಸಿದರು. ವಿಚಿತ್ರ ಅಂದರೆ ಹಿಂದಕ್ಕೆ ನಡೆಯುವಾಗ ಕಾಲು ಎಳೆಯುತ್ತಲೇ ಇರಲಿಲ್ಲ. ಅಲ್ಲಿಂದ ನಿಧಾನಕ್ಕೆ ಮುಂದಕ್ಕೆ ತಿರುಗಿಸಿದರು, ಆರು ತಿಂಗಳು ಹಿಡಿಯಿತು.

ಹೊಸ ಲಕ್ಷಣ ಏನಾದರೂ ಕಂಡರೆ ಇದೂ ಅದೇ ಇರಬೇಕು ಎಂದು ಸುಮ್ಮನಿರಬೇಡಿ, ತೋರಿಸಿ. ಮತ್ತೆ ಒಂದು ವಿಷಯ ನೀವು ಬರೆದಿಲ್ಲ: ಆ ಹಿಮ್ಮಡಿ ಪರೀಕ್ಷೆ ನಿಮಗೆ ಯಾರಾದರೂ ಮಾಡಿದ್ರಾ?