ಕೆಲಸ ಮಾಡಿ ತೋರಿಸಿ ಹತ್ತನೇ ಕ್ಲಾಸ್ ಪಾಸಾಗಬಹುದಾ?

ಪ್ರಶ್ನೆ: ವಯಸ್ಸು 34, ಪೀಣ್ಯದಲ್ಲಿ ಲೇತ್ ಆಪರೇಟರ್. ಎಸ್ಸೆಸ್ಸೆಲ್ಸಿ ಆಗಿಲ್ಲ. ಪರೀಕ್ಷೆ ಬದಲು ಪ್ರಾಜೆಕ್ಟ್ ಮಾಡಿದರೆ ಸರ್ಟಿಫಿಕೇಟ್ ಸಿಗುತ್ತದಾ?

ಬರೀ ಪ್ರಾಜೆಕ್ಟ್‌ನಿಂದ ಸಿಗುವುದಿಲ್ಲ. ಆದರೆ ಪರೀಕ್ಷೆಯ ಭಾರ ಕಡಿಮೆ ಮಾಡಿಕೊಳ್ಳುವ ದಾರಿ ಇದೆ: ಕೇಂದ್ರ ಸರ್ಕಾರದ ಮುಕ್ತ ಶಾಲೆ, ಅಂದರೆ ಎನ್‌ಐಒಎಸ್. ಇದರ ಪ್ರಾದೇಶಿಕ ಕೇಂದ್ರ ಬೆಂಗಳೂರಿನಲ್ಲೇ ಇದೆ. ಗರಿಷ್ಠ ವಯಸ್ಸಿನ ಮಿತಿ ಇಲ್ಲ.

ಇಲ್ಲಿ ಐದು ವಿಷಯ ಪಾಸಾದರೆ ಸಾಕು, ಅದೂ ಒಟ್ಟಿಗೇ ಆಗಬೇಕಿಲ್ಲ. ನೋಂದಣಿ 5 ವರ್ಷ ನಡೆಯುತ್ತದೆ. ಈ ಸಲ ಎರಡು, ಮುಂದಿನ ಸಲ ಒಂದು, ಹೀಗೆ ಪಾಸಾದದ್ದು ಲೆಕ್ಕಕ್ಕೆ ಸೇರುತ್ತಾ ಹೋಗುತ್ತದೆ. ಶಿಫ್ಟ್ ಕೆಲಸದವರಿಗೆ ಇದೇ ದೊಡ್ಡ ಅನುಕೂಲ, ಅಲ್ವಾ? ಕೈಕೆಲಸ ಇಷ್ಟ ಇದ್ದರೆ ಡೇಟಾ ಎಂಟ್ರಿ, ಪೇಂಟಿಂಗ್‌ನಂಥ ವಿಷಯ ತೆಗೆದುಕೊಳ್ಳಿ. ಅವುಗಳಲ್ಲಿ ಥಿಯರಿಗಿಂತ ಪ್ರಾಕ್ಟಿಕಲ್ ಅಂಕವೇ ಜಾಸ್ತಿ. ಆದರೆ ಎರಡರಲ್ಲೂ ಬೇರೆ ಬೇರೆಯಾಗಿ 33% ಬರಲೇಬೇಕು.

ಅಮೆರಿಕದ ಕೆಲವು ರಾಜ್ಯಗಳಲ್ಲಿ ನೀವು ಕೇಳಿದಂಥದ್ದೇ ಒಂದು ವ್ಯವಸ್ಥೆ ಇದೆ. ಮನೆ ಬಜೆಟ್, ಆರೋಗ್ಯ, ಕೆಲಸ ಇಂಥ ನಿಜ ಬದುಕಿನ ಕೆಲಸಗಳನ್ನು ಮಾಡಿ ತೋರಿಸಿದರೆ ಹೈಸ್ಕೂಲ್ ಡಿಪ್ಲೊಮಾ ಕೊಡುತ್ತಾರೆ. ಒಬ್ಬ ಮೌಲ್ಯಮಾಪಕರು ಒಬ್ಬೊಬ್ಬರನ್ನೇ ಕೂರಿಸಿಕೊಂಡು ನೋಡುತ್ತಾರೆ. ನಮ್ಮಲ್ಲಿ ಲಕ್ಷಗಟ್ಟಲೆ ಜನರಿಗೆ ಒಂದೇ ಅಳತೆಗೋಲು ಬೇಕು, ಹಾಗಾಗಿ ಲಿಖಿತ ಪರೀಕ್ಷೆ ಉಳಿದುಕೊಂಡಿದೆ ಅನ್ನುವುದು ನನ್ನ ಅನಿಸಿಕೆ.

ಒಂದು ಎಚ್ಚರಿಕೆ: ಇರುವ ಅನುಭವ ನೋಡಿ ಕೊಡುವ ಕೌಶಲ ಪ್ರಮಾಣಪತ್ರ, ಅಂದರೆ ಆರ್‌ಪಿಎಲ್, ನಿಮಗೆ ಸುಲಭವಾಗಿ ಸಿಗಬಹುದು. ಆದರೆ ಅದು ಹತ್ತನೇ ಕ್ಲಾಸಿನ ಅಂಕಪಟ್ಟಿ ಅಲ್ಲ.