ನ್ಯೂಟ್ರಲ್‌ನಿಂದ ಕೊಟ್ಟ ಅರ್ಥಿಂಗ್ ಅರ್ಥಿಂಗ್ ಅಲ್ಲ

ಬಳ್ಳಾರಿ, ರಾಯಚೂರು, ಕೊಪ್ಪಳದ ಬಾಡಿಗೆ ಮನೆಗಳಿಂದ ಗೀಸರ್ ಮತ್ತು ಇಂಡಕ್ಷನ್ ಒಲೆಯ ಬಗ್ಗೆ ಬರುವ ಪ್ರಶ್ನೆಗಳಲ್ಲಿ ಒಂದು ಮಾತು ಪದೇ ಪದೇ ಕಾಣುತ್ತದೆ: ‘ಅರ್ಥಿಂಗ್ ಇಲ್ಲ, ಎಲೆಕ್ಟ್ರಿಷಿಯನ್ ಅಡ್ಜಸ್ಟ್ ಮಾಡಿ ಕೊಟ್ಟಿದ್ದಾನೆ.’ ಅರ್ಥಿಂಗ್ ಎಂದರೆ ಉಪಕರಣದ ಮೈಗೆ ಸೋರಿದ ಕರೆಂಟನ್ನು ನೆಲಕ್ಕಿಳಿಸುವ ವೈರ್. ಜೀವ ತೆಗೆಯುವುದು ಈ ಅಡ್ಜಸ್ಟ್‌ಮೆಂಟೇ. ಹಾಗಾಗಿ ಇವತ್ತಿನ ಜಾಗದ ಬಹುಪಾಲು ಅದಕ್ಕೇ.

ಪ್ರಶ್ನೆ: ಬಳ್ಳಾರಿಯ ಸತ್ಯನಾರಾಯಣಪೇಟೆಯಲ್ಲಿ ಬಾಡಿಗೆಗಿದ್ದೇವೆ. ಗೀಸರ್ ಹಾಕಿ ಷವರಿನ ನಲ್ಲಿಯನ್ನು ಮುಟ್ಟಿದರೆ ಕೈ ಜುಮ್ಮೆನ್ನುತ್ತಿತ್ತು. ಎಲೆಕ್ಟ್ರಿಷಿಯನ್ ಸಾಕೆಟ್ ಬಿಚ್ಚಿ ಒಳಗೊಂದು ವೈರ್ ತುಂಡು ಹಾಕಿ, ‘ನ್ಯೂಟ್ರಲ್‌ನಿಂದ ಅರ್ಥ್ ಕೊಟ್ಟೀನಿ, ಏನೂ ಆಗಂಗಿಲ್ರೀ’ ಎಂದ. ಈಗ ಟೆಸ್ಟರ್ ಹಚ್ಚಿದರೆ ದೀಪ ಹತ್ತುವುದಿಲ್ಲ. ಇನ್ನು ಭಯವಿಲ್ಲವೇ?

ಭಯವಿದೆ, ಮೊದಲಿಗಿಂತ ಹೆಚ್ಚಾಗಿಯೇ ಇದೆ. ಇದನ್ನು ಓದಿದ ಕೂಡಲೇ ಸ್ವಿಚ್ ಆರಿಸಿ ಗೀಸರ್ ಪ್ಲಗ್ ಕಿತ್ತಿಡಿ.

ಆತ ಮಾಡಿದ್ದು ಇಷ್ಟು. ಮೂರು ತೂತಿನ ಸಾಕೆಟ್‌ನಲ್ಲಿ ಮೇಲಿನ ದಪ್ಪ ತೂತು ಅರ್ಥ್. ಅದಕ್ಕೆ ಬರಬೇಕಾದ ಹಸಿರು ವೈರ್ ನಿಮ್ಮ ಮನೆಯಲ್ಲಿ ಇಲ್ಲ, ಅಥವಾ ಎಲ್ಲೋ ಕಡಿದಿದೆ. ಆತ ಪಕ್ಕದ ನ್ಯೂಟ್ರಲ್ (ಕರೆಂಟ್ ವಾಪಸ್ ಹೋಗುವ ವೈರ್) ಸ್ಕ್ರೂವಿನಿಂದ ಅರ್ಥ್ ಸ್ಕ್ರೂಗೆ ಒಂದು ತುಂಡು ಜೋಡಿಸಿದ. ಈಗ ಗೀಸರಿನ ಮೈ, ಅದಕ್ಕೆ ಕೂಡಿದ ಪೈಪು, ಷವರ್ ಎಲ್ಲವೂ ನ್ಯೂಟ್ರಲ್‌ಗೆ ಸೇರಿವೆ. ನ್ಯೂಟ್ರಲ್ ಸರಿಯಿರುವಷ್ಟು ದಿನ ಅದು ಹೆಚ್ಚುಕಮ್ಮಿ ನೆಲದ ಮಟ್ಟದಲ್ಲೇ ಇರುತ್ತದೆ, ಟೆಸ್ಟರ್ ಹತ್ತುವುದಿಲ್ಲ. ಜುಮ್ಮೆನ್ನಿಸುತ್ತಿದ್ದ ಸೋರಿಕೆ ಗೀಸರಿನ ಒಳಗೆ ಹಾಗೇ ಇದೆ. ನಿಮಗೆ ಅದು ಗೊತ್ತಾಗುವ ದಾರಿ ಮಾತ್ರ ಮುಚ್ಚಿದೆ.

ಇನ್ನು ಮೀಟರ್ ಬಳಿ ನ್ಯೂಟ್ರಲ್ ಸ್ಕ್ರೂ ಸಡಿಲವಾಯಿತು ಎಂದುಕೊಳ್ಳಿ. ಅಥವಾ ಹಳೆಯ ಮನೆಗಳಲ್ಲಿ ನ್ಯೂಟ್ರಲ್‌ಗೂ ಹಾಕಿರುವ ಕಿಟ್‌ಕ್ಯಾಟ್ ಫ್ಯೂಸ್ ಸುಟ್ಟಿತು. ಫೇಸ್, ಅಂದರೆ ಒಳಬರುವ ವೈರಿನ ಕರೆಂಟ್, ಬರುತ್ತಲೇ ಇರುತ್ತದೆ. ಅದು ಹೀಟರ್ ಕಾಯಿಲ್ ದಾಟಿ ನ್ಯೂಟ್ರಲ್ ವೈರಿಗೆ ಬಂದು, ಮುಂದೆ ದಾರಿಯಿಲ್ಲದೆ ಆ ತುಂಡಿನ ಮೂಲಕ ಗೀಸರಿನ ಮೈಗೆ ಹರಿಯುತ್ತದೆ. 2000 ವ್ಯಾಟ್ ಕಾಯಿಲಿನ ತಡೆ ಬರೀ 26 ಓಮ್. ಒದ್ದೆ ಮೈಯ ತಡೆ 1000 ಓಮ್ ಆಸುಪಾಸು. ಅಂದರೆ ಹೆಚ್ಚುಕಡಿಮೆ 230 ವೋಲ್ಟ್ ಪೂರ್ತಿ, 200 ಮಿಲಿ ಆಂಪಿಯರ್‌ಗಿಂತ ಹೆಚ್ಚು ಕರೆಂಟ್, ಸ್ನಾನ ಮಾಡುವವರ ಮೈಯಲ್ಲಿ ಹರಿಯುತ್ತದೆ. ಗೀಸರಿನಲ್ಲಿ ಯಾವ ದೋಷವೂ ಬೇಕಿಲ್ಲ, ನಿನ್ನೆ ತಂದ ಹೊಸ ಗೀಸರ್ ಆದರೂ ಇದೇ ಗತಿ. ಗೀಸರ್ ಸ್ವಿಚ್ ಆರಿಸಿದ್ದರೂ ಸಾಕಾಗುವುದಿಲ್ಲ: ಆ ಸ್ವಿಚ್ ಕಡಿಯುವುದು ಫೇಸನ್ನು ಮಾತ್ರ, ಹಾಲ್‌ನಲ್ಲಿ ಉರಿಯುತ್ತಿರುವ ಒಂದು ಬಲ್ಬಿನ ಮೂಲಕವೂ ಫೇಸ್ ಅದೇ ನ್ಯೂಟ್ರಲ್‌ಗೆ ಬರುತ್ತದೆ. ಮಳೆಗಾಳಿಯ ನಂತರ ಕಂಬದಲ್ಲಿ ಸರ್ವಿಸ್ ವೈರ್ ಮತ್ತೆ ಕಟ್ಟುವಾಗ ಫೇಸ್, ನ್ಯೂಟ್ರಲ್ ಅದಲುಬದಲಾದರಂತೂ ಗೀಸರಿನ ಮೈಗೆ ನೇರವಾಗಿ ಫೇಸ್.

ಸೋರಿಕೆ ಕಂಡರೆ ತಾನೇ ಬಿದ್ದು ಕರೆಂಟ್ ಕಡಿಯುವ ಸ್ವಿಚ್, ಆರ್‌ಸಿಸಿಬಿ, ಇದೆಯಲ್ಲ ಎನ್ನಬೇಡಿ. ಈ ತುಂಡು ಇದ್ದಾಗ ಸೋರಿದ ಕರೆಂಟ್ ನೆಲಕ್ಕೆ ಹೋಗದೆ ನ್ಯೂಟ್ರಲ್ ಮೂಲಕವೇ ವಾಪಸ್ಸಾಗುತ್ತದೆ. ಹೋದದ್ದು ಬಂದದ್ದು ಎರಡೂ ಸಮ, ಆರ್‌ಸಿಸಿಬಿಗೆ ಏನೂ ಕಾಣುವುದಿಲ್ಲ. ಮನುಷ್ಯ ಮುಟ್ಟಿ, ಅವನ ಮೈಯಿಂದ ನೆಲಕ್ಕೆ ಹರಿದಾಗ ಮಾತ್ರ ಅದು ಎಚ್ಚರವಾಗುತ್ತದೆ.

ಇಂಥ ತುಂಡು ನಿಮ್ಮ ಬೇರೆ ಸಾಕೆಟ್‌ಗಳಲ್ಲೂ ಇದೆಯೇ ಎಂದು ನೋಡಿಸಿ. ಫೇಸ್, ನ್ಯೂಟ್ರಲ್ ಎರಡನ್ನೂ ಕಡಿಯುವ ಮೇನ್ ಸ್ವಿಚ್ ಆರಿಸಬೇಕು, ಇನ್ವರ್ಟರ್ ಇದ್ದರೆ ಅದನ್ನೂ. ಎಲ್ಲ ಪ್ಲಗ್ ಕಿತ್ತು, ಮಲ್ಟಿಮೀಟರಿನಲ್ಲಿ ನ್ಯೂಟ್ರಲ್ ಮತ್ತು ಅರ್ಥ್ ತೂತುಗಳ ನಡುವೆ ಹಿಡಿದಾಗ ಬೀಪ್ ಬಂದರೆ ಎಲ್ಲೋ ಜೋಡಣೆ ಇದೆ. ಫೇಸ್ ಮತ್ತು ಅರ್ಥ್ ನಡುವೆ ಹಿಡಿದ ಟೆಸ್ಟ್ ಲ್ಯಾಂಪ್ ಉರಿಯಿತು ಎಂಬುದು ಅರ್ಥ್ ಸರಿಯಿದೆ ಎನ್ನಲು ಪುರಾವೆಯಲ್ಲ. ನ್ಯೂಟ್ರಲ್‌ನಿಂದ ಕದ್ದ ಅರ್ಥಿನಲ್ಲೂ ಬಲ್ಬು ಚೆನ್ನಾಗಿಯೇ ಉರಿಯುತ್ತದೆ.

ಸರಿಯಾದ ದಾರಿ ಎಂದರೆ ನೆಲದಲ್ಲಿ ತೋಡಿದ ನಿಜವಾದ ಅರ್ಥ್ ಪಿಟ್. 2.5 ಮೀಟರ್ ಉದ್ದದ ಜಿಐ (ಸತು ಲೇಪಿತ ಕಬ್ಬಿಣ) ಪೈಪ್ ಅಥವಾ ತಾಮ್ರ ಲೇಪಿತ ರಾಡ್, ಗೋಡೆಯಿಂದ ಕನಿಷ್ಠ ಒಂದೂವರೆ ಮೀಟರ್ ದೂರ. ಅಲ್ಲಿಂದ ಬೋರ್ಡಿಗೆ ಗಟ್ಟಿ ಅರ್ಥ್ ವೈರ್, ಬೋರ್ಡಿನಿಂದ ಗೀಸರ್ ಮತ್ತು ಅಡುಗೆಮನೆ ಸಾಕೆಟ್‌ಗೆ 2.5 ಚದರ ಮಿ.ಮೀ. ಹಸಿರು ವೈರ್. ಬಳ್ಳಾರಿಯಲ್ಲಿ ಮೂರು ಅಡಿ ಅಗೆದರೆ ಬಂಡೆ ಸಿಗುವ ಜಾಗಗಳಿವೆ. ಅಲ್ಲಿ ಪೈಪನ್ನು ಅರ್ಧಕ್ಕೆ ಕೊಯ್ದು ಹೂಳಿ ‘ಆಯ್ತು’ ಎನ್ನುವವರನ್ನು ನಂಬಬೇಡಿ. ಜಿಐ ಪಟ್ಟಿಯನ್ನು ಅಡ್ಡಲಾಗಿ ಉದ್ದಕ್ಕೆ ಹೂಳಬೇಕು. ಸಿಂಧನೂರು, ಸಿರುಗುಪ್ಪದ ಎರೆಮಣ್ಣು ಮಳೆಗಾಲದಲ್ಲಿ ಒಳ್ಳೆಯ ಅರ್ಥ್ ಕೊಡುತ್ತದೆ, ಬೇಸಿಗೆಯಲ್ಲಿ ಒಣಗಿ ಬಿರುಕು ಬಿಟ್ಟು ಪೈಪಿನಿಂದ ದೂರ ಸರಿಯುತ್ತದೆ. ಅದಕ್ಕೇ ಅರ್ಥ್ ಟೆಸ್ಟರ್ ಹಚ್ಚಿ ಅಳೆಯುವುದು ಮೇ ತಿಂಗಳಲ್ಲಿ. ಅರ್ಥಿನ ತಡೆ 5 ಓಮ್ ಒಳಗೆ ಬಂದರೆ ಒಳ್ಳೆಯದು. ಪಿಟ್‌ಗೆ ನೀರು ಹಾಕಿ. ವಾರಕ್ಕೊಮ್ಮೆ ಉಪ್ಪು ಸುರಿಯಿರಿ ಎಂಬ ಸಲಹೆ ಬೇಡ, ಉಪ್ಪು ಪೈಪನ್ನೇ ತಿನ್ನುತ್ತದೆ.

ಅರ್ಥ್ ಒಂದೇ ಸಾಲದು. ಅದರ ತಡೆ 20 ಓಮ್ ಇದ್ದರೆ, ಫೇಸ್ ಗೀಸರಿನ ಮೈಗೆ ತಾಗಿದಾಗ ಹೆಚ್ಚೆಂದರೆ 11.5 ಆಂಪಿಯರ್ ಹರಿಯುತ್ತದೆ. 16 ಆಂಪಿಯರ್ ಎಂಸಿಬಿ (ಕರೆಂಟ್ ಮಿತಿ ಮೀರಿದರೆ ಬೀಳುವ ಸ್ವಿಚ್) ಬೀಳುವುದೇ ಇಲ್ಲ, ಗೀಸರಿನ ಮೈಯಲ್ಲಿ ಕರೆಂಟ್ ನಿಂತೇ ಇರುತ್ತದೆ. 30 ಮಿಲಿ ಆಂಪಿಯರ್ ಆರ್‌ಸಿಸಿಬಿ ಕಣ್ಣು ಮಿಟುಕಿಸುವಷ್ಟರಲ್ಲಿ ಬೀಳುತ್ತದೆ. 100 ಮಿಲಿಯದ್ದು ಕೊಡಲು ಬಂದರೆ ವಾಪಸ್ ಕಳಿಸಿ, ಅದು ಬೆಂಕಿ ತಡೆಯಲು, ಜೀವ ಉಳಿಸಲು ಅಲ್ಲ. ಟೆಸ್ಟ್ ಬಟನ್ ತಿಂಗಳಿಗೊಮ್ಮೆ ಒತ್ತಿ; ಆದರೆ ಅದು ಪರೀಕ್ಷಿಸುವುದು ಆ ಯಂತ್ರವನ್ನು, ನಿಮ್ಮ ಅರ್ಥಿಂಗನ್ನಲ್ಲ.

ಪಿಟ್ ತೋಡಿಸುವುದು ಮನೆ ಮಾಲೀಕರ ಕೆಲಸ. ಬರಹದಲ್ಲಿ ಕೇಳಿ, ಬಾಡಿಗೆ ಕರಾರಿನಲ್ಲೂ ಸೇರಿಸಿ. ಗೀಸರ್ ಲೈನಿಗೆ ಎಂಸಿಬಿ ಮತ್ತು ಸೋರಿಕೆ ರಕ್ಷಣೆ ಎರಡೂ ಇರುವ ಆರ್‌ಸಿಬಿಒ ಒಂದನ್ನು ನೀವೇ ಸಣ್ಣ ಬಾಕ್ಸಿನಲ್ಲಿ ಹಾಕಿಸಿ, ಮನೆ ಬಿಡುವಾಗ ಬಿಚ್ಚಿಕೊಂಡು ಹೋಗಬಹುದು. ವಠಾರದಲ್ಲಿದ್ದರೆ ಇನ್ನೊಂದು ವಿಷಯ: ಎಲ್ಲ ಮನೆಗೂ ಒಂದೇ ಕೆಟ್ಟ ಅರ್ಥ್ ಇದ್ದರೆ ಪಕ್ಕದ ಮನೆಯ ಗೀಸರ್ ಸೋರಿಕೆ ಹಸಿರು ವೈರಿನಲ್ಲಿ ನಿಮ್ಮ ನಲ್ಲಿಗೆ ಬರುತ್ತದೆ. ನಿಮ್ಮ ಆರ್‌ಸಿಸಿಬಿ ಅದನ್ನು ತಡೆಯಲಾರದು. ಪ್ರತಿ ಮನೆಗೂ ಒಂದೊಂದು ಆರ್‌ಸಿಸಿಬಿ ಬೇಕು.

ಪ್ರಶ್ನೆ: ಆರ್‌ಸಿಸಿಬಿ ಹಾಕಿಸಿದ ಮೇಲೆ ಗೀಸರ್ ಹಾಕಿದಾಗಲೆಲ್ಲ ಬೀಳುತ್ತಿದೆ. ಬೈಪಾಸ್ ಮಾಡಿಸಲೇ? (ರಾಯಚೂರು)

ಬೇಡವೇ ಬೇಡ. ಬೀಳುತ್ತಿರುವುದು ಹೆಚ್ಚಾಗಿ ಗೀಸರಿನ ಕಾಯಿಲ್ ಸೋರುತ್ತಿದೆ ಎಂದು ಹೇಳಲು. ಬೋರ್‌ವೆಲ್ ಗಡಸು ನೀರಿನಲ್ಲಿ ಕಾಯಿಲಿಗೆ ಸುಣ್ಣದ ಪದರ ಕಟ್ಟುತ್ತದೆ, ಶಾಖ ಹೊರಗೆ ಹೋಗದೆ ಕಾಯಿಲಿನ ಹೊರಗಿನ ಕೊಳವೆ ಬಿರುಕು ಬಿಡುತ್ತದೆ, ನೀರು ಒಳಸೇರುತ್ತದೆ. ವೈರ್ ಬಿಚ್ಚಿ 500 ವೋಲ್ಟ್ ಮೆಗ್ಗರ್‌ನಲ್ಲಿ (ಸೋರಿಕೆ ತಡೆಯುವ ಶಕ್ತಿ ಅಳೆಯುವ ಮೀಟರ್) ಅಳೆಸಿ. 1 ಮೆಗಾ ಓಮ್‌ಗಿಂತ ಕಡಿಮೆ ಬಂದರೆ ಕಾಯಿಲ್ ಬದಲಿಸಿ, ಜೊತೆಗೆ ಟ್ಯಾಂಕಿಗೆ ತುಕ್ಕು ಹಿಡಿಯದಂತೆ ತಡೆಯುವ ಮೆಗ್ನೀಷಿಯಂ ರಾಡ್ ಕೂಡ.

ಪ್ರಶ್ನೆ: 2000 ವ್ಯಾಟ್ ಇಂಡಕ್ಷನ್ ಒಲೆಗೆ ಕನ್ವರ್ಟರ್ ಪ್ಲಗ್ ಹಾಕಿ ಸಣ್ಣ ಸಾಕೆಟ್‌ನಲ್ಲಿ ಬಳಸುತ್ತಿದ್ದೇವೆ. ಸಾಕೆಟ್ ಕಂದು ಬಣ್ಣಕ್ಕೆ ತಿರುಗಿದೆ. (ಗಂಗಾವತಿ)

ಒಲೆ ಎಳೆಯುವುದು 8.7 ಆಂಪಿಯರ್, ಸಾಕೆಟ್ ತಡೆಯುವುದು 6. ಒಳಗಿನ ಹಿತ್ತಾಳೆ ಪಟ್ಟಿ ಕಾದು ಹಿಡಿತ ಸಡಿಲವಾಗುತ್ತದೆ, ಸಡಿಲವಾದಷ್ಟೂ ಇನ್ನಷ್ಟು ಕಾಯುತ್ತದೆ. ಕಂದಾದ ಸಾಕೆಟ್ ಬಿಸಾಡಿ. ಬೋರ್ಡಿನಿಂದ ಬೇರೆಯೇ ಲೈನ್, 2.5 ಚದರ ಮಿ.ಮೀ. ತಾಮ್ರದ ವೈರ್, 16 ಆಂಪಿಯರ್ ಸಾಕೆಟ್, 16 ಆಂಪಿಯರ್ ಎಂಸಿಬಿ. ಹಳೆಯ 1.5ರ ವೈರಿಗೆ ದೊಡ್ಡ ಸಾಕೆಟ್ ಮಾತ್ರ ಬದಲಿಸಿದರೆ ಸುಡುವ ಜಾಗ ಗೋಡೆಯ ಒಳಗೆ ಹೋಗಬಹುದು, ಅಷ್ಟೇ. ಅನ್ನದ ಕುಕ್ಕರ್ 700 ವ್ಯಾಟ್, ಅದು ಸಣ್ಣ ಸಾಕೆಟ್‌ನಲ್ಲಿ ಇರಲಿ.

ಪ್ರಶ್ನೆ: ಎಂಸಿಬಿ ಪದೇ ಪದೇ ಬೀಳುತ್ತದೆಂದು 32 ಆಂಪಿಯರಿನದ್ದು ಹಾಕಿಕೊಟ್ಟಿದ್ದಾರೆ.

ಇವತ್ತೇ ತೆಗೆಸಿ. ಎಂಸಿಬಿ ಇರುವುದು ವೈರ್ ಸುಡದಂತೆ ಕಾಪಾಡಲು.

ಪ್ರಶ್ನೆ: ಪ್ಲಾಸ್ಟಿಕ್ ಮೈಯ ಇನ್‌ಸ್ಟಂಟ್ ಗೀಸರಿಗೂ ಅರ್ಥ್ ಬೇಕೇ?

ಬೇಕು. ಶಾಕ್ ಬರುವುದು ಡಬ್ಬದಿಂದಲ್ಲ, ನೀರಿನಿಂದ. ಅದರ 3000 ವ್ಯಾಟ್‌ಗೆ 13 ಆಂಪಿಯರ್ ಬೇಕೆಂಬುದೂ ನೆನಪಿರಲಿ.

ಪ್ರಶ್ನೆ: ಆನ್‌ಲೈನ್‌ನಲ್ಲಿ ನಲ್ಲಿಗೇ ಕೂಡಿಸುವ ಹೀಟರ್ ಅಗ್ಗಕ್ಕೆ ಸಿಗುತ್ತದೆ. ತರಿಸಲೇ?

ತರಿಸಬೇಡಿ. ಕೆಲವುಗಳಲ್ಲಿ ಬರಿ ಕಾಯಿಲ್ ನೀರಿನಲ್ಲೇ ಮುಳುಗಿರುತ್ತದೆ.

ಪ್ರಶ್ನೆ: ರಬ್ಬರ್ ಚಪ್ಪಲಿ ಹಾಕಿಕೊಂಡು ಸ್ನಾನ ಮಾಡಿದರೆ ಶಾಕ್ ಹೊಡೆಯುವುದಿಲ್ಲವಂತೆ?

ಹೊಡೆಯುತ್ತದೆ. ಚಪ್ಪಲಿ ಒದ್ದೆ, ಕಾಲು ಒದ್ದೆ, ಇನ್ನೊಂದು ಕೈ ಗೋಡೆಯ ಮೇಲೆ.

ಪ್ರಶ್ನೆ: ಜೆಸ್ಕಾಂನವರನ್ನು ಕರೆದರೆ ಒಳಗಿನ ವೈರಿಂಗ್ ನೋಡುತ್ತಾರೆಯೇ? (ಕೊಪ್ಪಳ)

ಮೀಟರ್‌ವರೆಗೆ ಅವರದು, ಆಚೆ ಮನೆಯವರದು. ಲೈಸೆನ್ಸ್ ಇರುವ ಕಂಟ್ರಾಕ್ಟರ್‌ನನ್ನು ಕರೆಯಿರಿ, ಬರುವಾಗ ಮೆಗ್ಗರ್ ಮತ್ತು ಅರ್ಥ್ ಟೆಸ್ಟರ್ ತರಲು ಹೇಳಿ. ಬರೀ ನಿಯಾನ್ ಟೆಸ್ಟರ್ ಜೇಬಿಗಿಟ್ಟುಕೊಂಡು ಬಂದವನನ್ನು ಬಾಗಿಲಿನಿಂದಲೇ ಕಳಿಸಿ.