ಸಂಪಾದಕರ ಉತ್ತರ: ಹತ್ತು ಕಿಲೋ ಅಕ್ಕಿಯ ಹರಕೆ

ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕ ಕಡೆಯ ಓದುಗರೊಬ್ಬರು ಬರೆದಿದ್ದಾರೆ: "ದೊಡ್ಡ ಆಪರೇಷನ್ ಆಗಿ ದೇವರ ದಯೆಯಿಂದ ಎದ್ದು ಓಡಾಡುತ್ತಿದ್ದೇನೆ. ಆ ಋಣಕ್ಕೆ ಈ ಮೊಂತಿ ಫೆಸ್ತಿಗೆ (ಮರಿಯಮ್ಮನವರ ಜನ್ಮದಿನದ ತೆನೆ ಹಬ್ಬಕ್ಕೆ) ಎಂಡೋಸಲ್ಫಾನ್ ಕೀಟನಾಶಕದಿಂದ ಬಾಧಿತರಾದವರ 25 ಮನೆಗಳಿಗೆ ತಲಾ ಹತ್ತು ಕಿಲೋ ಅಕ್ಕಿ ಕೊಡಬೇಕೆಂದಿದ್ದೇನೆ. ಇಷ್ಟು ಸಾಕೇ?"

ಕೊಡಿ, ಬೇಡವೆನ್ನುವುದಿಲ್ಲ. ಆದರೆ ಕಡುಬಡವರಿಗೆ ಕೊಡುವ ಹಳದಿ ರೇಷನ್ ಕಾರ್ಡಿನ ಮನೆಗೆ ತಿಂಗಳಿಗೆ 35 ಕಿಲೋ ಧಾನ್ಯ ಸಿಗುತ್ತದೆ. ಅಲ್ಲಿ ಕೊರತೆ ಅಕ್ಕಿಯದ್ದಾಗಿರಲಿಕ್ಕಿಲ್ಲ. ಬಾರ್ತಿಮಾಯನಿಗೆ ಕಣ್ಣಿಲ್ಲವೆಂದು ಎದುರಿಗಿದ್ದವರಿಗೆಲ್ಲ ಗೊತ್ತಿತ್ತು. ಆದರೂ ಯೇಸುಸ್ವಾಮಿ ಅವನನ್ನು ಕರೆದು, ನಾನು ನಿನಗೆ ಏನು ಮಾಡಬೇಕು ಎಂದು ಕೇಳಿದರು (ಮಾರ್ಕ 10). ನೀವೂ ಮೊದಲು ಕೇಳಿ. ದೊಡ್ಡವರ ಡಯಾಪರ್, ಸೋಪು, ಮಂಗಳೂರಿನ ಆಸ್ಪತ್ರೆಗೆ ಹೋಗುವ ಬಾಡಿಗೆ ಎಂಬ ಉತ್ತರ ಬರಬಹುದು. ಡಯಾಪರಿನ ಅಳತೆ ಕೇಳದೆ ಕಟ್ಟುಗಟ್ಟಲೆ ತರಬೇಡಿ. ಸಡಿಲವಾದದ್ದು ಸೋರುತ್ತದೆ, ಬಿಗಿಯಾದದ್ದು ತೊಡೆಸಂದು ಉಜ್ಜಿ ಹುಣ್ಣು ಮಾಡುತ್ತದೆ.

ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಈ ಮದ್ದು ಬಿಟ್ಟದ್ದು 1970ರ ದಶಕದ ಕೊನೆಯಿಂದ 2000ದವರೆಗೆ. ಎಣ್ಮಕಜೆ, ಬೆಳ್ಳೂರು, ಕುಂಬ್ಡಾಜೆಯ ಮನೆಗಳಲ್ಲಿ ಹಾಸಿಗೆ ಹಿಡಿದಿರುವ, ನಾವು ಇನ್ನೂ 'ಮಕ್ಕಳು' ಎನ್ನುವವರಲ್ಲಿ ಹಲವರಿಗೆ ಈಗ 25-30ರ ಪ್ರಾಯ. ಎತ್ತಿ ಮಲಗಿಸುವ ತಾಯಿಯ ಸೊಂಟ ಮಾತ್ರ ಅದೇ ಹಳೆಯದು. ಹಾಗಾಗಿ 25 ಮನೆಯನ್ನು ಬಿಟ್ಟು ಒಂದೋ ಎರಡೋ ಮನೆ ಹಿಡಿಯಿರಿ. ವಾರಕ್ಕೊಮ್ಮೆ, ಹೇಳಿದ ದಿನ, ಹೇಳಿದ ಹೊತ್ತಿಗೆ ನಾಲ್ಕು ಗಂಟೆ ಕೂತುಕೊಳ್ಳಿ. ಅಷ್ಟರಲ್ಲಿ ಆ ತಾಯಿ ಪೇಟೆಗೋ ಮದುವೆ ಮನೆಗೋ ಹೋಗಿ ಬರಲಿ, ಇಲ್ಲವಾದರೆ ಸುಮ್ಮನೆ ಮಲಗಲಿ.

ಆದರೆ ಕೆಲಸ ಕಲಿಯದೆ ಕೂರಬಾರದು. ಪಂಚಾಯತಿನ ಪಾಲಿಯೇಟಿವ್ (ಹಾಸಿಗೆ ಹಿಡಿದವರ ಆರೈಕೆಯ) ನರ್ಸ್ ಮನೆಗೆ ಬರುವ ದಿನವನ್ನು ಆಶಾ ಕಾರ್ಯಕರ್ತೆಯಲ್ಲಿ ವಿಚಾರಿಸಿ, ಜತೆಗೆ ಹೋಗಿ ಕೈಯಾರೆ ಮಾಡಿ ಕಲಿಯಿರಿ. ತಾನಾಗಿ ಹೊರಳಲಾಗದವರನ್ನು ಸಾಮಾನ್ಯವಾಗಿ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು. ಪೂರಾ ಪಕ್ಕಕ್ಕೆ ಬೇಡ, ಅರ್ಧ ಓರೆ, ಸುಮಾರು 30 ಡಿಗ್ರಿ. ಬೆನ್ನಿಗೊಂದು, ಮೊಣಕಾಲುಗಳ ನಡುವೆ ಇನ್ನೊಂದು ದಿಂಬು. ಮೀನಖಂಡದ ಅಡಿಗೆ ಮಡಚಿದ ಬೆಡ್‌ಶೀಟ್ ಇಟ್ಟರೆ ಹಿಮ್ಮಡಿ ಹಾಸಿಗೆಗೆ ತಾಗುವುದಿಲ್ಲ. ಕಂಕುಳಿಗೆ ಕೈ ಹಾಕಿ ಎಳೆಯುವುದು ದೊಡ್ಡ ತಪ್ಪು: ಚರ್ಮ ಹಾಸಿಗೆಗೆ ಅಂಟಿಕೊಂಡು ಒಳಗಿನ ಮಾಂಸ ಮಾತ್ರ ಸರಿಯುತ್ತದೆ, ಹುಣ್ಣು ಶುರುವಾಗುವುದೇ ಅಲ್ಲಿ. ಇಬ್ಬರು ಸೇರಿ ಬೆಡ್‌ಶೀಟ್ ಸಮೇತ ಎತ್ತಿ. ಸೊಂಟದ ಎಲುಬಿನ ಮೇಲೆ ಕೆಂಪು ಕಂಡರೆ ಬೆರಳಿನಿಂದ ಒತ್ತಿ ಬಿಡಿ. ಒತ್ತಿದಲ್ಲಿ ಬೆಳ್ಳಗಾಗದೆ ಕೆಂಪು ಹಾಗೇ ಉಳಿದರೆ ಅದು ಹುಣ್ಣಿನ ಮೊದಲ ಮೆಟ್ಟಿಲು. ಕಪ್ಪು ಮೈಯಲ್ಲಿ ಕೆಂಪು ಕಾಣದು, ಬಿಸಿಯೋ ಗಟ್ಟಿಯೋ ಆಗಿದೆಯೇ ಎಂದು ಮುಟ್ಟಿ ನೋಡಬೇಕು. ಅಲ್ಲಿ ಎಣ್ಣೆ ಹಾಕಿ ತಿಕ್ಕಬಾರದು, ನರ್ಸಿಗೆ ಹೇಳಬೇಕು. ಏರ್ ಬೆಡ್ ದಾನ ಮಾಡುವವರೂ ಕೇಳಲಿ: ಅದಿದ್ದರೂ ಮಗ್ಗುಲು ಬದಲಿಸುವುದು ತಪ್ಪುವುದಿಲ್ಲ, ಕರೆಂಟು ಹೋದರೆ ಪಂಪೂ ನಿಲ್ಲುತ್ತದೆ.

ಅಪಸ್ಮಾರ ಬಂದರೆ ಬಾಯಿಗೆ ಚಮಚ, ಕೈಗೆ ಬೀಗದಕೈ ಕೊಡುವ ಗಡಿಬಿಡಿ ಬೇಡ. ಒಂದು ಮಗ್ಗುಲಿಗೆ ತಿರುಗಿಸಿ, ಗಡಿಯಾರ ನೋಡಿ. ಐದು ನಿಮಿಷ ದಾಟಿದರೆ ಆಸ್ಪತ್ರೆ.

ಇನ್ನೊಂದು ಸೇವೆ ನಮ್ಮ ಗಡಿನಾಡಿನದ್ದೇ. ಕನ್ನಡ ಮಾತ್ರ ಓದಬಲ್ಲ ತಾಯಂದಿರ ಕೈಗೆ ಮಲಯಾಳದ ಫಾರಂ, ನೋಟಿಸು ಬಂದು ಬೀಳುತ್ತವೆ. 2017ರಲ್ಲಿ ಸುಪ್ರೀಂ ಕೋರ್ಟ್ ಐದು ಲಕ್ಷ ಪರಿಹಾರ ಕೊಡಲು ಹೇಳಿದ ಮೇಲೂ ಕಾಗದ ಹಿಡಿದು ಅಲೆಯುವ ಕೆಲಸ ಮುಗಿಯಲಿಲ್ಲ. ನಿಮಗೆ ಎರಡೂ ಭಾಷೆ ಬರುವುದಾದರೆ ಅರ್ಧ ಗಂಟೆ ಕೂತು ಓದಿ ಹೇಳಿ. ಕೊನೆಯ ದಿನಾಂಕವನ್ನು ಕ್ಯಾಲೆಂಡರಿನಲ್ಲಿ ಕನ್ನಡದಲ್ಲಿ ಬರೆದಿಡಿ.

ಫೋಟೋ ಬೇಡ. ಬೇರೆ ಧರ್ಮದವರ ಮನೆಯಾದರೆ, ಅವರಾಗಿ ಕೇಳದ ಹೊರತು ಪ್ರಾರ್ಥನೆಯನ್ನು ನಿಮ್ಮ ಮನೆಯಲ್ಲೇ ಮುಗಿಸಿ ಹೊರಡಿ.

ಹಬ್ಬದ ದಿನ ಹೊಸ ಅಕ್ಕಿಯ ಪಾಯಸ ಒಯ್ಯುವ ಮನಸ್ಸಿದ್ದರೆ, ನುಂಗಲು ಕಷ್ಟವಿರುವವರಿಗೆ ಏನು ಕೊಡಬಹುದೆಂದು ತಾಯಿಯನ್ನು ಕೇಳಿ, ಅವರ ಪಾಲನ್ನು ಬೇರೆಯೇ ನುಣ್ಣಗೆ ರುಬ್ಬಿ ಮಂದವಾಗಿ ಕಾಯಿಸಿ. ನೀರಾದದ್ದು ಶ್ವಾಸನಾಳಕ್ಕೆ ಹೋಗಬಹುದು. ಕೂರಿಸಿ, ಗಲ್ಲ ತುಸು ಬಗ್ಗಿಸಿ, ಚಿಕ್ಕ ಚಮಚದಲ್ಲಿ ಕೊಡಿ. ಮೊದಲ ತುತ್ತು ಇಳಿದ ಮೇಲೆ ಎರಡನೆಯದು. ತಿಂದ ಮೇಲೆ ಅರ್ಧ ಗಂಟೆ ಮಲಗಿಸಬೇಡಿ. ಗೋಡಂಬಿ ಹಾಕಬೇಡಿ.